ಮಗನೆಲ್ಲಿ ಎಂದು ಕೇಳಿದ ತಾಯಿ: ಅಸುಸೆನಾ ವಿಯಾಫ್ಲೋರ್

ಮಗ ಮನೆಗೆ ಬರುವುದು ಒಂದು ತಾಸು ತಡವಾದರೆ ನಮಗೆ ಕೈಕಾಲು ಆಡುವುದಿಲ್ಲ. ಹತ್ತು ಸಲ ಫೋನ್ ಮಾಡುತ್ತೇವೆ, ಬಾಲ್ಕನಿಗೆ ಹೋಗಿ ರಸ್ತೆ ನೋಡುತ್ತೇವೆ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ ಹೀಗೆಯೇ ಕಾದ ತಾಯಿಯೊಬ್ಬರಿದ್ದರು. ಮಗ ಬರಲಿಲ್ಲ. ಯಾರು ಹಿಡಿದುಕೊಂಡು ಹೋದರು, ಎಲ್ಲಿ ಇಟ್ಟಿದ್ದಾರೆ ಎಂದು ಹೇಳುವವರೂ ಇರಲಿಲ್ಲ. ಆ ಸಾಮಾನ್ಯ ಗೃಹಿಣಿ ಕೇಳಿದ ಒಂದೇ ಒಂದು ಪ್ರಶ್ನೆಗೆ ಇಡೀ ಸೇನಾ ಸರ್ಕಾರ ಅಂಜಿತು. ಅವರೇ ಅಸುಸೆನಾ ವಿಯಾಫ್ಲೋರ್.

ಅಸುಸೆನಾ ಹುಟ್ಟಿದ್ದು 1924ರ ಏಪ್ರಿಲ್ 7ರಂದು, ರಾಜಧಾನಿ ಬ್ಯೂನಸ್ ಐರಿಸ್‌ಗೆ ಅಂಟಿಕೊಂಡಿರುವ ಅವೆಯನೇಡಾ ಎಂಬ ಕಾರ್ಖಾನೆಗಳ ಊರಿನಲ್ಲಿ. ಬಡ ಕಾರ್ಮಿಕ ಕುಟುಂಬ. ಹದಿನಾರನೇ ವಯಸ್ಸಿಗೇ ಗೃಹೋಪಯೋಗಿ ಸಾಮಾನು ತಯಾರಿಸುವ ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿದರು. ಅಲ್ಲಿಯೇ ಕಾರ್ಮಿಕ ಸಂಘದ ಪ್ರತಿನಿಧಿಯಾಗಿದ್ದ ಪೆದ್ರೊ ದೆ ವಿನ್ಸೆಂತಿ ಅವರ ಪರಿಚಯವಾಗಿ, 1949ರಲ್ಲಿ ಮದುವೆಯಾಯಿತು. ನಾಲ್ವರು ಮಕ್ಕಳು. ಮುಂದಿನ ಇಪ್ಪತ್ತೇಳು ವರ್ಷ ಅಡುಗೆ, ಮಕ್ಕಳ ಓದು, ನೆಂಟರು ಎಂದು ನಮ್ಮೆಲ್ಲರ ಬದುಕಿನಂತೆಯೇ ಕಳೆಯಿತು.

1976ರ ಮಾರ್ಚ್ 24ರಂದು ಸೇನೆ ದೇಶದ ಅಧಿಕಾರ ಕಿತ್ತುಕೊಂಡಿತು. ಸರ್ಕಾರವನ್ನು ವಿರೋಧಿಸುವವರು ಎಂದು ಅನುಮಾನ ಬಂದ ವಿದ್ಯಾರ್ಥಿಗಳು, ಕಾರ್ಮಿಕರು, ವಕೀಲರು ರಾತ್ರೋರಾತ್ರಿ ಕಣ್ಮರೆಯಾಗತೊಡಗಿದರು. ಅವರನ್ನು ಇಟ್ಟಿದ್ದು ಗುಟ್ಟಿನ ಸೆರೆಮನೆಗಳಲ್ಲಿ. ಬಂಧನದ ದಾಖಲೆಯಿಲ್ಲ, ಮೊಕದ್ದಮೆಯಿಲ್ಲ, ಭೇಟಿಯಿಲ್ಲ. ಮುಂದೆ ತನಿಖಾ ಆಯೋಗವೊಂದು ಇಂಥ ಸುಮಾರು 340 ತಾಣಗಳನ್ನು ಪತ್ತೆಹಚ್ಚಿತು. ಕಣ್ಮರೆಯಾದವರು ಮೂವತ್ತು ಸಾವಿರ ಎಂಬುದು ಮಾನವ ಹಕ್ಕು ಸಂಘಟನೆಗಳ ಲೆಕ್ಕ.

ಅದೇ ವರ್ಷ ನವೆಂಬರ್ 30ರಂದು ಅಸುಸೆನಾ ಅವರ ಮಗ ನೆಸ್ತೊರ್ ಮತ್ತು ಅವನ ಸಂಗಾತಿ ರಾಕೆಲ್ ಇಬ್ಬರನ್ನೂ ಹಿಡಿದೊಯ್ದರು. ತಾಯಿ ಅಲೆಯದ ಕಚೇರಿಯಿಲ್ಲ. ಗೃಹ ಇಲಾಖೆ, ಪೊಲೀಸ್ ಠಾಣೆ, ಸೇನೆಯ ಪಾದ್ರಿಗಳ ಕಚೇರಿ, ಎಲ್ಲ ಕಡೆ ಸಾಲಿನಲ್ಲಿ ನಿಂತರು. ಬಂಧಿತರನ್ನು ಕೋರ್ಟಿನ ಮುಂದೆ ತನ್ನಿ ಎಂದು ಮನೆಯವರು ಹಾಕಿದ ಹೇಬಿಯಸ್ ಕಾರ್ಪಸ್ ಅರ್ಜಿಗಳು ರಾಶಿ ರಾಶಿಯಾಗಿ ವಜಾ ಆಗುತ್ತಿದ್ದವು. ಅಂಥವರು ನಮ್ಮ ಬಳಿ ಇಲ್ಲವೇ ಇಲ್ಲ ಎಂಬುದೇ ಸರ್ಕಾರದ ಉತ್ತರ.

ಆದರೆ ಆ ಸಾಲುಗಳಲ್ಲಿ ಅಸುಸೆನಾ ಒಂದು ವಿಷಯ ಗಮನಿಸಿದರು. ದಿನವೂ ಅವೇ ಮುಖಗಳು, ಅದೇ ಅಳು, ಅದೇ ಉತ್ತರ. ಒಬ್ಬೊಬ್ಬರೇ ಬಂದರೆ ಒಬ್ಬೊಬ್ಬರನ್ನೇ ಬಾಗಿಲಿನಿಂದ ಸಾಗಹಾಕುವುದು ಸುಲಭ. ಇಲ್ಲಿ ಅತ್ತು ಫಲವಿಲ್ಲ, ಎಲ್ಲರೂ ಸೇರಿ ಅಧ್ಯಕ್ಷರ ಭವನದ ಎದುರಿಗಿರುವ ಪ್ಲಾಸಾ ದೆ ಮಾಯೋ ಚೌಕಕ್ಕೇ ಹೋಗೋಣ ಎಂದು ಅವರು ಉಳಿದವರಿಗೆ ಹೇಳಿದರು.

1977ರ ಏಪ್ರಿಲ್ 30ರಂದು ಹದಿನಾಲ್ಕು ಹೆಂಗಸರು ಚೌಕದಲ್ಲಿ ಸೇರಿದರು. ಅಂದು ಶನಿವಾರ, ಕಚೇರಿಗಳಿಗೆ ರಜೆ, ನೋಡುವವರೇ ಇಲ್ಲ! ಹಾಗಾಗಿ ಭೇಟಿ ಶುಕ್ರವಾರಕ್ಕೆ ಬದಲಾಯಿತು. ಶುಕ್ರವಾರ ಒಳ್ಳೆಯದಲ್ಲವೆಂದು ಒಬ್ಬ ತಾಯಿ ಹೇಳಿದ್ದರಿಂದ ಅದು ಗುರುವಾರಕ್ಕೆ ಬಂತು ಎನ್ನುತ್ತಾರೆ. ತುರ್ತು ಕಾಯ್ದೆಯಿದ್ದ ಕಾಲ. ಗುಂಪಾಗಿ ನಿಲ್ಲುವಂತಿಲ್ಲ, ನಡೆಯುತ್ತಿರಿ ಎಂದು ಪೊಲೀಸರು ಗದರಿಸಿದರು. ಸರಿ, ತಾಯಂದಿರು ಇಬ್ಬಿಬ್ಬರಾಗಿ ಕೈಹಿಡಿದು ಚೌಕದ ನಡುವಿನ ಸ್ಮಾರಕವನ್ನು ಸುತ್ತತೊಡಗಿದರು. ಪೊಲೀಸರ ಅಪ್ಪಣೆಯೇ ಚಳವಳಿಯ ರೂಪವಾಯಿತು. ಆ ಅಕ್ಟೋಬರ್‌ನಲ್ಲಿ ಲುಹಾನ್ ಕ್ಷೇತ್ರದ ಯಾತ್ರೆಗೆ ಹೋದಾಗ ಜನಜಂಗುಳಿಯಲ್ಲಿ ಗುರುತು ಸಿಗಲೆಂದು, ಮಕ್ಕಳು ಹಸುಗೂಸಾಗಿದ್ದಾಗ ಕಟ್ಟುತ್ತಿದ್ದ ಬಿಳಿ ಬಟ್ಟೆಯನ್ನು ತಲೆಗೆ ಕಟ್ಟಿಕೊಂಡರು. ಮುಂದೆ ಆ ಬಿಳಿ ವಸ್ತ್ರವೇ ಜಗತ್ತಿಗೆಲ್ಲ ಅವರ ಗುರುತಾಯಿತು.

ಈ ಗುಂಪಿನಲ್ಲಿದ್ದ ಎಸ್ತೆರ್ ಬಯೆಸ್ತ್ರಿನೊ ಎಂಬಾಕೆಯ ಗರ್ಭಿಣಿ ಮಗಳನ್ನು ಕೆಲವು ತಿಂಗಳ ನಂತರ ಬಿಟ್ಟು ಕಳಿಸಿದರು. ಮಗಳು ಬಂದಳಲ್ಲ ಎಂದು ಎಸ್ತೆರ್ ಮನೆಯಲ್ಲಿ ಕೂರಲಿಲ್ಲ. ಉಳಿದವರ ಮಕ್ಕಳಿಗಾಗಿ ಮತ್ತೆ ಚೌಕಕ್ಕೆ ಬಂದರು.

ಅದೇ ಹೊತ್ತಿಗೆ ಅಣ್ಣನನ್ನು ಕಳೆದುಕೊಂಡವನೆಂದು ಹೇಳಿಕೊಂಡು ಒಬ್ಬ ತರುಣ ಇವರ ಜೊತೆ ಸೇರಿದ. ಅಸುಸೆನಾ ಅವನನ್ನು ಮಗನಂತೆ ನೋಡಿಕೊಂಡರು. ಅವನು ಆಲ್ಫ್ರೆಡೊ ಅಸ್ತೀಸ್, ನೌಕಾಪಡೆಯ ಗೂಢಚಾರ! ಕಾಣೆಯಾದವರ ಹೆಸರುಗಳನ್ನು ಪತ್ರಿಕೆಯಲ್ಲಿ ಜಾಹೀರಾತಾಗಿ ಹಾಕಿಸಲು ತಾಯಂದಿರು ಹಣ ಕೂಡಿಸುತ್ತಿದ್ದರು. ಡಿಸೆಂಬರ್ 8ರ ಸಂಜೆ ಸಾಂತಾ ಕ್ರೂಸ್ ಚರ್ಚಿನಲ್ಲಿ ಸೇರಿದ್ದಾಗ ಅವನು ಕೊಟ್ಟ ಗುರುತಿನ ಮೇಲೆ ಎಸ್ತೆರ್, ಮರಿಯಾ ಪೊನ್ಸೆ, ಒಬ್ಬ ಫ್ರೆಂಚ್ ಸನ್ಯಾಸಿನಿ ಮುಂತಾದವರನ್ನು ಎಳೆದೊಯ್ದರು. ಹೆದರಿ ಸುಮ್ಮನಾಗಬಹುದಿತ್ತು. ಆದರೆ ಅಸುಸೆನಾ ಜಾಹೀರಾತು ನಿಲ್ಲಕೂಡದೆಂದು ಹಟ ಹಿಡಿದರು. ಡಿಸೆಂಬರ್ 10, ಮಾನವ ಹಕ್ಕುಗಳ ದಿನ, ಅದು ‘ಲಾ ನಾಸಿಯೋನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಆ ಬೆಳಿಗ್ಗೆ ಪತ್ರಿಕೆ ತರಲೆಂದು ಮನೆಯಿಂದ ಹೊರಟ ಅಸುಸೆನಾ ಅವರನ್ನು ಬೀದಿಯಲ್ಲೇ ಹಿಡಿದು ಕಾರಿಗೆ ತಳ್ಳಿದರು. ಆಗ ಅವರಿಗೆ 53 ವರ್ಷ.

ನೌಕಾಪಡೆಯ ತಾಂತ್ರಿಕ ಶಾಲೆಯೊಳಗಿನ ಗುಪ್ತ ಸೆರೆಯಲ್ಲಿ ಹಿಂಸಿಸಿ, ವಿಮಾನದಿಂದ ಜೀವಂತವಾಗಿ ಸಮುದ್ರಕ್ಕೆ ಎಸೆದರು. ಅಲೆಗಳು ದೇಹಗಳನ್ನು ದಡಕ್ಕೆ ತಂದವು. ಜನರಲ್ ಲವಾಯೆ ಎಂಬ ಊರಿನ ಸ್ಮಶಾನದಲ್ಲಿ ಅವುಗಳನ್ನು ಹೆಸರಿಲ್ಲದೆ ಹೂಳಲಾಯಿತು. ಮಗನನ್ನು ಹುಡುಕಲು ಹೊರಟ ತಾಯಿ ತಾನೇ ಕಾಣೆಯಾದವರ ಪಟ್ಟಿ ಸೇರಿದರು.

ಮುಂದಾಳು ಹೋದರೆ ಹೆಂಗಸರು ಮನೆ ಸೇರುತ್ತಾರೆಂದು ಸೇನೆ ಎಣಿಸಿತ್ತು. ತಾಯಂದಿರು ಮತ್ತೆ ಗುರುವಾರ ಮಧ್ಯಾಹ್ನ ಮೂರೂವರೆಗೆ ಚೌಕಕ್ಕೆ ಬಂದರು. 1983ರಲ್ಲಿ ಸೇನಾ ಆಡಳಿತ ಕೊನೆಗೊಂಡಿತು. 2005ರಲ್ಲಿ ವಿಧಿವಿಜ್ಞಾನ ತಜ್ಞರು ಡಿಎನ್‌ಎ ಪರೀಕ್ಷೆಯಿಂದ ಅಸುಸೆನಾ ಅವರ ಅವಶೇಷಗಳನ್ನು ಗುರುತಿಸಿದರು. ಮಗಳ ಇಚ್ಛೆಯಂತೆ ಅವರ ಚಿತಾಭಸ್ಮವನ್ನು ಅದೇ ಚೌಕದಲ್ಲಿ, ತಾವು ಸುತ್ತುತ್ತಿದ್ದ ಸ್ಮಾರಕದ ಬುಡದಲ್ಲೇ ಇಟ್ಟರು. 2011ರಲ್ಲಿ ಅಸ್ತೀಸ್‌ಗೆ ಜೀವಾವಧಿ ಶಿಕ್ಷೆಯಾಯಿತು. ನೆಸ್ತೊರ್ ಮಾತ್ರ ಸಿಗಲೇ ಇಲ್ಲ.

ಅಸುಸೆನಾ ಭಾಷಣಗಾರ್ತಿಯಲ್ಲ, ದೊಡ್ಡ ಓದು ಓದಿದವರಲ್ಲ. ಮಗ ತಪ್ಪು ಮಾಡಿದ್ದರೆ ಕೋರ್ಟಿಗೆ ತನ್ನಿ, ಎಲ್ಲಿದ್ದಾನೆಂದು ಮನೆಯವರಿಗೆ ತಿಳಿಸಿ ಎಂದಷ್ಟೇ ಕೇಳಿದರು. ಸೆರೆಯಲ್ಲಿರುವವನ ದನಿ ಹೊರಗೆ ಕೇಳಿಸದು, ಅವನ ಪರವಾಗಿ ಕೇಳಬೇಕಾದವರು ಮನೆಯವರೇ. ಸಾಲಿನಲ್ಲಿ ಪಕ್ಕದಲ್ಲಿ ನಿಂತು ಅಳುತ್ತಿದ್ದವಳ ಕೈ ಹಿಡಿದದ್ದೇ ಅವರು ಮಾಡಿದ ದೊಡ್ಡ ಕೆಲಸ. ಅಂದು ಹದಿನಾಲ್ಕು ಮಂದಿಯಿಂದ ಶುರುವಾದ ಆ ಗುರುವಾರದ ನಡಿಗೆ ದಶಕಗಳು ಕಳೆದರೂ ನಿಂತಿಲ್ಲ.