ಸಸೂನ್ ಆಸ್ಪತ್ರೆಯಲ್ಲಿ ಮಹಾತ್ಮರು

ಮಹಾಪುರುಷರ ಧೈರ್ಯವನ್ನು ಸಭೆಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಕಂಡು ಕೊಂಡಾಡುವುದು ಲೋಕರೂಢಿ. ರೋಗಶಯ್ಯೆಯ ಮೇಲೆ ಮಲಗಿ ದೇಹವನ್ನು ಪರರ ಕೈಗೊಪ್ಪಿಸಬೇಕಾದ ಗಳಿಗೆಯಲ್ಲಿ ಅವರ ಸತ್ತ್ವವು ಹೇಗೆ ಒರೆಗೆ ಹತ್ತಿತೆಂಬುದನ್ನು ಗಮನಿಸುವವರು ವಿರಳ. ಮಹಾತ್ಮಾ ಗಾಂಧಿಯವರ ಜೀವಿತದಲ್ಲಿ 1924ನೆಯ ಇಸವಿಯ ಆರಂಭಕಾಲವು ಅಂಥದೊಂದು ಒರೆಗಲ್ಲಾಗಿತ್ತು. ಅದನ್ನು ವಾಚಕರಿಗೆ ನೆನಪಿಸಲು ನಾವು ಬಯಸುತ್ತೇವೆ.

1869ರಲ್ಲಿ ಪೋರಬಂದರದಲ್ಲಿ ಜನಿಸಿದ ಗಾಂಧಿಯವರಿಗೆ ಶುಶ್ರೂಷೆಯು ಎಳವೆಯಿಂದಲೂ ಪ್ರಿಯವಾದ ಕೆಲಸ. ತಂದೆಯ ಕೊನೆಯ ಬೇನೆಯಲ್ಲಿ ಗಾಯ ಕಟ್ಟಿ ಔಷಧ ಕೊಡುವ ಹೊಣೆಯನ್ನು ಅವರು ಹೊತ್ತಿದ್ದರು. ದಕ್ಷಿಣ ಆಫ್ರಿಕೆಯಲ್ಲಿ ವಕೀಲಿಯ ನಡುವೆಯೂ ಸಣ್ಣ ಧರ್ಮಾಸ್ಪತ್ರೆಯೊಂದರಲ್ಲಿ ಕೆಲಹೊತ್ತು ಸೇವೆ ಮಾಡುತ್ತಿದ್ದರು. 1899ರಲ್ಲಿ ಬೋಅರ್ ಯುದ್ಧವು ಆರಂಭವಾದಾಗ ಗಾಯಾಳುಗಳನ್ನು ಹೊರುವ ದಳವನ್ನು ಕಟ್ಟಿದರು. ಆದರೆ 1909ರ 'ಹಿಂದ್ ಸ್ವರಾಜ್' ಗ್ರಂಥದಲ್ಲಿ ಡಾಕ್ಟರರನ್ನೂ ಆಸ್ಪತ್ರೆಗಳನ್ನೂ ಅವರು ಕಟುವಾಗಿ ಖಂಡಿಸಿದರು. ಔಷಧದ ಬಲವನ್ನು ನಂಬಿ ಮನುಷ್ಯನು ಸಂಯಮವನ್ನು ಮರೆಯುವನೆಂಬುದು ಅವರ ವಾದವಾಗಿತ್ತು.

1922ನೆಯ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಅವರಿಗೆ ಆರು ವರ್ಷಗಳ ಸಾದಾ ಸಜೆಯಾಯಿತು. ಯರವಡಾ ಕಾರಾಗೃಹದಲ್ಲಿ ಎರಡು ವರ್ಷ ತುಂಬುವ ಮುನ್ನವೇ ಹೊಟ್ಟೆನೋವು ಉಲ್ಬಣಿಸಿ, ಅದು ಅಪೆಂಡಿಸೈಟಿಸ್ ಎಂದು ನಿರ್ಧಾರವಾಗಲು, ಪುಣೆಯ ಸಸೂನ್ ಆಸ್ಪತ್ರೆಗೆ ಅವರನ್ನು ಸಾಗಿಸಲಾಯಿತು. ಬಾತುಕೊಂಡ ಕರುಳಬಾಲವು ಒಡೆದರೆ ವಿಷವು ಉದರವನ್ನೆಲ್ಲ ವ್ಯಾಪಿಸುವುದು. ಪೆನಿಸಿಲಿನ್ ಇನ್ನೂ ಬಂದಿರದ ಆ ಕಾಲದಲ್ಲಿ ವಿಳಂಬವೆಂದರೆ ಮರಣಕ್ಕೆ ದಾರಿ ಬಿಟ್ಟಂತೆಯೇ ಸರಿ. ಮುಂಬಯಿಯಿಂದ ತಮ್ಮ ವೈದ್ಯಮಿತ್ರರನ್ನು ಕರೆಸಲು ಅವರಿಗೆ ಅನುಮತಿ ದೊರೆತಿದ್ದರೂ ಅವರು ಬಂದು ತಲಪುವಷ್ಟು ಕಾಲವಿರಲಿಲ್ಲ. ಕತ್ತಿ ಹಿಡಿಯಬೇಕಾದವನು ಆಂಗ್ಲ ವೈದ್ಯ ಕರ್ನಲ್ ಮ್ಯಾಡಕ್. ಮಲಗಿದವರು ಅದೇ ಸರಕಾರದ ಸೆರೆಯಾಳು. ಅನಾಹುತವೇನಾದರೂ ಆಗಿದ್ದರೆ ದೇಶವು ಏನನ್ನು ನಂಬುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ.

ಆದುದರಿಂದ ಜನವರಿ 12ರ ರಾತ್ರಿ, ರಾಜಕಾರಣದಲ್ಲಿ ಭಿನ್ನಮತದವರಾದರೂ ಮಿತ್ರರಾದ ಶ್ರೀನಿವಾಸ ಶಾಸ್ತ್ರಿಗಳನ್ನೂ ಡಾ. ಫಾಟಕರನ್ನೂ ಕರೆಸಲಾಯಿತು. ತಮಗೆ ಉಪಚಾರವು ಚೆನ್ನಾಗಿ ದೊರೆತಿದೆ, ಕರ್ನಲರಲ್ಲಿ ಪೂರ್ಣ ವಿಶ್ವಾಸವಿದೆ, ಶಸ್ತ್ರಕ್ರಿಯೆಯು ಕೂಡಲೇ ನಡೆಯಲಿ ಎಂಬರ್ಥದ ಹೇಳಿಕೆಗೆ ರೋಗಿಯು ನಡುಗುವ ಕೈಯಿಂದ ರುಜು ಹಾಕಿದರು. ಸರಕಾರದೊಡನೆ ತಮ್ಮ ಹೋರಾಟವು ಹಾಗೆಯೇ ಇರುವುದೆಂಬುದನ್ನು ಅವರು ಮರೆಯಲಿಲ್ಲ. ಆದರೆ ಆ ಹೋರಾಟವನ್ನು ವೈದ್ಯನ ಮೇಜಿನವರೆಗೆ ಎಳೆಯಲಿಲ್ಲ. ಕ್ಲೋರೋಫಾರ್ಮ್ ಕೊಟ್ಟು ಕೆಲಸವು ಸಾಗಿದ್ದಾಗಲೇ ವಿದ್ಯುದ್ದೀಪವು ಆರಿತು. ಕೈದೀಪವೂ ಕೈಕೊಡಲು, ಲಾಟೀನಿನ ಬೆಳಕಿನಲ್ಲಿ ಮ್ಯಾಡಕ್ ಕಾರ್ಯವನ್ನು ಮುಗಿಸಿದನು.

ಗಾಯದ ಬಳಿ ಕೀವು ಕಟ್ಟಿದ್ದರಿಂದ ಚೇತರಿಕೆಯು ನಿರೀಕ್ಷಿಸಿದುದಕ್ಕಿಂತ ನಿಧಾನವಾಯಿತು. ಫೆಬ್ರುವರಿ 5ರಂದು ನಿರ್ಬಂಧವಿಲ್ಲದೆ ಬಿಡುಗಡೆಯಾಯಿತು. ಗಾಂಧಿಯವರಿಗೆ ಅದರಿಂದ ಹರ್ಷವಾಗಲಿಲ್ಲ. ಕಾಯಿಲೆಯು ಸೆರೆಯಾಳಿನ ಬಿಡುಗಡೆಗೆ ಕಾರಣವಾಗಕೂಡದೆಂದು ಅವರು ಬಗೆದರು. ಶಸ್ತ್ರಕ್ರಿಯೆಗೆ ಒಪ್ಪಿದುದನ್ನು, ಬದುಕುವ ಆಸೆಗೆ ಸೋತ ತಮ್ಮ ದೌರ್ಬಲ್ಯವೆಂದೂ ಬಹಿರಂಗವಾಗಿ ಒಪ್ಪಿಕೊಂಡರು. ತಮ್ಮ ಗ್ರಂಥದ ಮಾತಿಗೂ ನಡತೆಗೂ ಬಿದ್ದ ಅಂತರವನ್ನು ಮುಚ್ಚಿಡದಿರುವುದೇ ಅವರ ಸತ್ಯನಿಷ್ಠೆ.

ಮಾರ್ಚಿನಲ್ಲಿ ಜುಹೂ ಕಡಲತೀರಕ್ಕೆ ಹೋಗಿ ವಿಶ್ರಮಿಸಿದರೂ, ಮೋತೀಲಾಲ ನೆಹರೂ, ಚಿತ್ತರಂಜನ ದಾಸರೊಡನೆ ವಿಚಾರವಿನಿಮಯವು ನಡೆದೇ ಇತ್ತು. ಸೆಪ್ಟೆಂಬರಿನಲ್ಲಿ ಹಿಂದೂ-ಮುಸ್ಲಿಮ್ ಐಕ್ಯಕ್ಕಾಗಿ ದಿಲ್ಲಿಯಲ್ಲಿ 21 ದಿನಗಳ ಉಪವಾಸ. ಆ ವರ್ಷದ ಡಿಸೆಂಬರಿನಲ್ಲಿ, ಗಂಗಾಧರರಾವ್ ದೇಶಪಾಂಡೆಯವರ ಶ್ರಮದಿಂದ ನೆರೆದ ಬೆಳಗಾವಿಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನು ಅವರು ಅಲಂಕರಿಸಿದರು. ಅವರು ಅಧ್ಯಕ್ಷರಾದ ಅಧಿವೇಶನವು ಅದೊಂದೇ. ಕನ್ನಡ ನಾಡಿಗೆ ಆ ಭಾಗ್ಯವು ಒದಗಿದುದರಲ್ಲಿ, ಲಾಟೀನಿನ ಬೆಳಕಿನಲ್ಲಿ ಕೈ ನಡುಗದೆ ದುಡಿದ ಪರಕೀಯ ವೈದ್ಯನೊಬ್ಬನ ಪಾಲೂ ಉಂಟೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ವಿರೋಧಿಯ ಕರ್ತವ್ಯನಿಷ್ಠೆಯನ್ನು ನಂಬುವುದೂ ಆ ನಂಬಿಕೆಗೆ ಪಾತ್ರನಾಗುವುದೂ ಸಾರ್ವಜನಿಕ ಜೀವನಕ್ಕೆ ಭೂಷಣವೆಂದು ನಾವು ಭಾವಿಸುತ್ತೇವೆ.