ನೋಟಿನ ಮೇಲೆ ಕನ್ನಡ, ಕಾಲೇಜಿನಲ್ಲಿ ಉರ್ದು: ಏಳನೇ ನಿಜಾಮನ ಕಥೆ

ಯಾದಗಿರಿ, ಶಹಾಪುರ, ಸುರಪುರ ಕಡೆಯಿಂದ ಬಂದ ಗೆಳೆಯರಿಗೆ 371ಜೆ ಸರ್ಟಿಫಿಕೇಟ್ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಆದರೆ ನಮ್ಮ ಭಾಗಕ್ಕೆ ಈ ವಿಶೇಷ ಸ್ಥಾನ ಯಾಕೆ ಬೇಕಾಯ್ತು ಅಂತ ಕೇಳಿದರೆ ಮಾತು ಹೈದರಾಬಾದಿಗೆ ಹೋಗುತ್ತೆ, ಅಲ್ಲಿಂದ ಒಬ್ಬ ಅರಸನ ಹತ್ತಿರ ಹೋಗುತ್ತೆ. ಅವನೇ ಮೀರ್ ಉಸ್ಮಾನ್ ಅಲಿ ಖಾನ್, ಏಳನೇ ನಿಜಾಮ. ಜಗತ್ತಿನ ಅತಿ ಶ್ರೀಮಂತ, ದೊಡ್ಡ ವಜ್ರವನ್ನು ಪೇಪರ್‌ವೇಟ್ ಮಾಡಿಕೊಂಡವನು, ಮಹಾ ಜಿಪುಣ ಅನ್ನೋ ಕಥೆಗಳು ಎಲ್ಲರಿಗೂ ಗೊತ್ತು. ಇಡೀ ಎಂಜಿನಿಯರಿಂಗ್ ಕೋರ್ಸನ್ನು ಭಾರತದ ಒಂದು ಭಾಷೆಯಲ್ಲಿ ಕಲಿಸಿ ತೋರಿಸಿದ್ದೂ ಇವನ ಸರ್ಕಾರವೇ ಅನ್ನೋದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ಭಾಷೆ ಕನ್ನಡ ಆಗಿರಲಿಲ್ಲ ಅನ್ನೋದೇ ಈ ಕಥೆಯ ತಿರುಳು.

ಉಸ್ಮಾನ್ ಅಲಿ ಹುಟ್ಟಿದ್ದು 1886ರ ಏಪ್ರಿಲ್‌ನಲ್ಲಿ, ಹೈದರಾಬಾದಿನಲ್ಲಿ. ಅದಕ್ಕೆ ಎರಡು ವರ್ಷ ಮೊದಲು, 1884ರಲ್ಲಿ, ಅವನ ತಂದೆ ಮಹಬೂಬ್ ಅಲಿ ಖಾನನ ಆಳ್ವಿಕೆಯಲ್ಲಿ ರಾಜ್ಯದ ಆಡಳಿತ ಭಾಷೆ ಪರ್ಷಿಯನ್‌ನಿಂದ ಉರ್ದುವಿಗೆ ಬದಲಾಗಿತ್ತು. ಭಾಷೆ ಬದಲಾದರೂ ಬಲದಿಂದ ಎಡಕ್ಕೆ ಹರಿಯುವ ಲಿಪಿ ಹೆಚ್ಚುಕಡಿಮೆ ಅದೇ ಉಳಿಯಿತು. ಹೀಗಾಗಿ ಕಚೇರಿಯ ಗುಮಾಸ್ತರ ಕೈಬರಹ ಬದಲಾಗಬೇಕಾಗಲಿಲ್ಲ. ಹುಡುಗ ಅರಬ್ಬಿ, ಪರ್ಷಿಯನ್, ಉರ್ದು, ಇಂಗ್ಲಿಷ್ ಕಲಿತ. ಮುಂದೆ ಉರ್ದು ಮತ್ತು ಪರ್ಷಿಯನ್‌ನಲ್ಲಿ ಪದ್ಯಗಳನ್ನೂ ಬರೆದ. 1911ರ ಆಗಸ್ಟ್‌ನಲ್ಲಿ ತಂದೆ ತೀರಿಕೊಂಡಾಗ 25ನೇ ವಯಸ್ಸಿಗೆ ಗದ್ದುಗೆ ಏರಿದ.

ಆ ರಾಜ್ಯದ ಜನ ಆಡುತ್ತಿದ್ದ ಭಾಷೆ ಯಾವುದು? ಸುಮಾರು ಅರ್ಧದಷ್ಟು ಜನ ತೆಲುಗು, ಕಾಲುಭಾಗ ಮರಾಠಿ, ಹತ್ತರಲ್ಲಿ ಒಂದು ಪಾಲಿನಷ್ಟು ಕನ್ನಡ, ಹತ್ತಿರಹತ್ತಿರ ಅಷ್ಟೇ ಉರ್ದು. ಕನ್ನಡದವರು ಇದ್ದದ್ದು ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳಲ್ಲಿ. ಯಾದಗಿರಿ, ಶಹಾಪುರ, ಸುರಪುರ ಆಗ ಕಲಬುರಗಿ ಜಿಲ್ಲೆಯಲ್ಲೇ ಇದ್ದವು. ಅದರಲ್ಲೂ ಸುರಪುರ ನಿಜಾಮನ ಕೈಗೆ ಬಂದದ್ದು ತಡವಾಗಿ. ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ಮೇಲೆ ಎದ್ದು ಸೋತ ಮೇಲೆ, 1860ರಲ್ಲಿ ಬ್ರಿಟಿಷರು ಅದನ್ನು ನಿಜಾಮನಿಗೆ ಒಪ್ಪಿಸಿದರು.

ಹೊಸ ನಿಜಾಮನಿಗೆ ದೊಡ್ಡ ಕೆಲಸ ಮಾಡುವ ಹಂಬಲ ಇತ್ತು. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದನ್ನು ಮುಳುಗಿಸಿತ್ತು. ಪ್ರವಾಹ ತಡೆಯುವ ಯೋಜನೆ ಹಾಕಿಕೊಟ್ಟವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. ಆ ಯೋಜನೆಯಲ್ಲಿ ಕಟ್ಟಿದ ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು. ಆದರೆ ನಿಜಾಮನ ಹೆಸರು ಉಳಿಸಿದ್ದು ಅಣೆಕಟ್ಟಿಗಿಂತ ಹೆಚ್ಚಾಗಿ ಒಂದು ವಿಶ್ವವಿದ್ಯಾಲಯ.

1917ರಲ್ಲಿ ಹೈದರಾಬಾದಿನಲ್ಲಿ ಒಂದು ಅನುವಾದ ಸಂಸ್ಥೆ ಶುರುವಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು, 1919ರಲ್ಲಿ ತರಗತಿಗಳು ಆರಂಭವಾದವು. ಈ ಕ್ರಮ ಗಮನಿಸಿ: ಮೊದಲು ಪುಸ್ತಕದ ಏರ್ಪಾಡು, ಆಮೇಲೆ ಕ್ಲಾಸು. ಭಾರತದ ಉಳಿದ ವಿಶ್ವವಿದ್ಯಾಲಯಗಳು ಇಂಗ್ಲಿಷ್ ಬಿಟ್ಟು ಕದಲದ ಕಾಲದಲ್ಲಿ ಇಲ್ಲಿ ಬೋಧನಾ ಮಾಧ್ಯಮ ಉರ್ದು, ಇಂಗ್ಲಿಷ್ ಒಂದು ಕಡ್ಡಾಯ ವಿಷಯ ಅಷ್ಟೇ. ಗಣಿತ, ಭೌತಶಾಸ್ತ್ರ, ಕಾನೂನು, ವೈದ್ಯಕೀಯ ಎಲ್ಲಕ್ಕೂ ಪಂಡಿತರು ಮತ್ತು ವಿಷಯ ತಜ್ಞರು ಒಟ್ಟಿಗೆ ಕೂತು ಪದಗಳನ್ನು ಕಟ್ಟಿದರು, ನೂರಾರು ಪುಸ್ತಕ ತಂದರು. 1929ರಲ್ಲಿ ಎಂಜಿನಿಯರಿಂಗ್ ಕಾಲೇಜು ಕೂಡ ಬಂತು. ನಾವು ಸ್ಟ್ರೆಸ್, ಸ್ಟ್ರೇನ್ ಅಂತ ಕಲಿಯುವ ಪಾಠಗಳನ್ನು ಅಲ್ಲಿನ ವಿದ್ಯಾರ್ಥಿಗಳು ಉರ್ದುವಿನಲ್ಲಿ ಕಲಿತು ಎಂಜಿನಿಯರ್ ಆಗಿ ಹೊರಬಂದರು. ಭಾರತದ ಭಾಷೆಯಲ್ಲಿ ತಾಂತ್ರಿಕ ಶಿಕ್ಷಣ ಆಗೋದಿಲ್ಲ ಅನ್ನುವವರಿಗೆ ಇದಕ್ಕಿಂತ ಗಟ್ಟಿ ಉತ್ತರ ಬೇಕಾ?

ಈಗ ನಾಣ್ಯದ ಇನ್ನೊಂದು ಮುಖ ನೋಡೋಣ. ಸುರಪುರದ ಒಬ್ಬ ರೈತನ ಮಗನಿಗೆ ಈ ಕಾಲೇಜು ಎಷ್ಟು ದೂರ? ಮನೆಯಲ್ಲಿ ಕನ್ನಡ. ಕೆಳಗಿನ ತರಗತಿಗಳಲ್ಲಿ ಕೆಲವು ಕಡೆ ಕನ್ನಡ ಸಿಗುತ್ತಿತ್ತು, ಮೇಲೆ ಹೋದಂತೆ ಉರ್ದು. ತಹಸೀಲ್ ಕಚೇರಿ, ಪೊಲೀಸ್ ಠಾಣೆ, ಕೋರ್ಟು, ಎಲ್ಲೆಲ್ಲೂ ಉರ್ದು. ಅವನು ಓದು ಬಲ್ಲವನಾದರೂ ತನ್ನ ಹೊಲದ ಕಾಗದದ ಮುಂದೆ ಅನಕ್ಷರಸ್ಥ! ಅರ್ಜಿ ಬರೆಸಲು ಒಬ್ಬರು ಬೇಕು, ಬಂದ ಉತ್ತರ ಓದಿಸಲು ಇನ್ನೊಬ್ಬರು ಬೇಕು. ಉರ್ದು ಮನೆಮಾತಿನವರಿಗೂ ಇದು ಪೂರ್ತಿ ಸಲೀಸಾಗಿರಲಿಲ್ಲ. ನಮ್ಮ ಕಡೆ ಸಂತೆಯಲ್ಲಿ ಕೇಳುವುದು ದಖನಿ. ಉಸ್ಮಾನಿಯಾದ ಪಠ್ಯಗಳಲ್ಲಿ ಇದ್ದದ್ದು ಅರಬ್ಬಿ-ಪರ್ಷಿಯನ್ ಧಾತುಗಳಿಂದ ಕಟ್ಟಿದ ಪಂಡಿತರ ಉರ್ದು.

ಸೋಜಿಗ ಅಂದ್ರೆ, ನಿಜಾಮನ ಸರ್ಕಾರಕ್ಕೆ ಕನ್ನಡ ಲಿಪಿ ಗೊತ್ತಿರಲಿಲ್ಲ ಅಂತಲ್ಲ. 1918ರಿಂದ ಹೈದರಾಬಾದ್ ರಾಜ್ಯ ತನ್ನದೇ ಕಾಗದದ ನೋಟು ಹೊರತಂದಿತು. ಆ ನೋಟುಗಳ ಮೇಲೆ ಉರ್ದು, ಇಂಗ್ಲಿಷ್ ಜೊತೆಗೆ ತೆಲುಗು, ಮರಾಠಿ, ಕನ್ನಡ ಅಕ್ಷರಗಳೂ ಇದ್ದವು. ನೋಟು ಚಲಾವಣೆ ಆಗಬೇಕಾದರೆ ಜನ ಅದನ್ನು ಓದಬೇಕಲ್ಲ! ದುಡ್ಡಿನ ವಿಷಯದಲ್ಲಿ ಹೊಳೆದ ಈ ಸತ್ಯ ಓದಿನ ವಿಷಯದಲ್ಲಿ, ಜಮೀನಿನ ವಿಷಯದಲ್ಲಿ ಹೊಳೆಯಲಿಲ್ಲ.

ಬೇರೆ ದಾರಿಯೂ ಇತ್ತು, ಅದರ ಗುರುತು ಶಹಾಪುರದ ಪಕ್ಕದಲ್ಲೇ ಇದೆ. ಗೋಗಿಯಲ್ಲಿ ಸಮಾಧಿಯಾಗಿರುವ ಮೊದಲನೇ ಇಬ್ರಾಹಿಂ ಆದಿಲ್‌ಶಾಹ 16ನೇ ಶತಮಾನದಲ್ಲೇ ಕಂದಾಯದ ಲೆಕ್ಕವನ್ನು ಪರ್ಷಿಯನ್‌ನಿಂದ ತಪ್ಪಿಸಿ ನಾಡಭಾಷೆ ಬಲ್ಲ ಲೆಕ್ಕಿಗರ ಕೈಗೆ ಕೊಟ್ಟಿದ್ದ.

ಲಿಪಿ ಅಂದ್ರೆ ಅಧಿಕಾರದ ಮೊಹರು ಅನ್ನೋದು ಆ ಕಾಲದ ಜಗತ್ತಿಗೆಲ್ಲ ಗೊತ್ತಿತ್ತು. 1928ರಲ್ಲಿ ಟರ್ಕಿಯಲ್ಲಿ ಮುಸ್ತಫಾ ಕೆಮಾಲ್ ಅರಬ್ಬಿ ಲಿಪಿಯನ್ನು ಕಿತ್ತುಹಾಕಿ ಲ್ಯಾಟಿನ್ ಲಿಪಿ ತಂದ. ಹಳೆಯ ಸಾಮ್ರಾಜ್ಯದ ಜೊತೆ ಸಂಬಂಧ ಕಡಿಯೋದು ಅವನ ಉದ್ದೇಶ. ಮೂರೇ ವರ್ಷಕ್ಕೆ, 1931ರಲ್ಲಿ, ಅದೇ ಒಟ್ಟೋಮನ್ ಮನೆತನದ ಕೊನೆಯ ಖಲೀಫನ ಮಗಳನ್ನು ಉಸ್ಮಾನ್ ಅಲಿ ತನ್ನ ಹಿರಿಯ ಮಗನಿಗೆ ತಂದುಕೊಂಡ. ಅಲ್ಲಿ ಕೈಬಿಟ್ಟಿದ್ದನ್ನು ಇಲ್ಲಿ ಗದ್ದುಗೆಯ ಗೌರವ ಅಂತ ಹಿಡಿದುಕೊಂಡರು.

ಕನ್ನಡದವರೂ ಸುಮ್ಮನೆ ಕೂರಲಿಲ್ಲ. ಕಲಬುರಗಿಯಲ್ಲಿ 1907ರಲ್ಲೇ ನೂತನ ವಿದ್ಯಾಲಯ ಎದ್ದಿತ್ತು. 1928ರಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ, 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಸಾಹಿತ್ಯ ಸಮ್ಮೇಳನಗಳು ನಡೆದವು. ನಿಜಾಮನ ನೆಲದಲ್ಲಿ ಕನ್ನಡದ ಬ್ಯಾನರ್ ಕಟ್ಟುವುದೇ ಒಂದು ರಾಜಕೀಯ ಮಾತಾಗಿತ್ತು.

ಮುಂದಿನದು ಬೇಗ ನಡೆದುಹೋಯಿತು. ದೇಶ ಸ್ವತಂತ್ರವಾದರೂ ನಿಜಾಮ ಒಕ್ಕೂಟ ಸೇರಲಿಲ್ಲ. ರಜಾಕಾರರ ಹಾವಳಿಯಲ್ಲಿ ನಮ್ಮ ಹಳ್ಳಿಗಳು ನಲುಗಿದವು. 1948ರ ಸೆಪ್ಟೆಂಬರ್ 17ರಂದು ಆತ ಶರಣಾದ. 1950ರಿಂದ ರಾಜಪ್ರಮುಖನಾಗಿ ಉಳಿದ. 1956ರ ಅಕ್ಟೋಬರ್ 31ಕ್ಕೆ ಆ ಹುದ್ದೆಯೂ ಹೋಯಿತು. ಮರುದಿನ, ನವೆಂಬರ್ 1ಕ್ಕೆ, ಭಾಷೆಯ ಲೆಕ್ಕದಲ್ಲಿ ಅವನ ರಾಜ್ಯ ಮೂರು ಪಾಲಾಗಿ, ಕನ್ನಡದ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಒಂದೇ ಭಾಷೆಯಿಂದ ಹಿಡಿದಿಟ್ಟ ರಾಜ್ಯ ಕೊನೆಗೆ ಭಾಷೆಯ ಗೆರೆಯಲ್ಲೇ ಬಿರಿಯಿತು. 1967ರ ಫೆಬ್ರವರಿ 24ರಂದು ಹೈದರಾಬಾದಿನಲ್ಲಿ ಉಸ್ಮಾನ್ ಅಲಿ ತೀರಿಕೊಂಡಾಗ ಸೇರಿದ ಜನಸಾಗರ ನೋಡಿದರೆ, ಅವನನ್ನು ಪ್ರೀತಿಸಿದವರೂ ಲಕ್ಷಗಟ್ಟಲೆ ಇದ್ದರು ಅನ್ನೋದನ್ನೂ ಒಪ್ಪಬೇಕು.

ಅವನು ಬಿಟ್ಟುಹೋದದ್ದು ಏನು? ವಕೀಲ, ಅರ್ಜಿ, ರಸೀದಿ, ಜಮೀನು, ಜಿಲ್ಲೆ ಇವೆಲ್ಲ ಅವನಿಗಿಂತ ಮೊದಲೇ ಬಂದ ಪರ್ಷಿಯನ್-ಅರಬ್ಬಿ ಪದಗಳು. ಕನ್ನಡ ಲಿಪಿಯಲ್ಲಿ ಕೂತ ಮೇಲೆ ಅವು ನಮ್ಮವೇ ಆದವು. ಹೊರಗಿನ ಪದ ಯಾವತ್ತೂ ನಮಗೆ ಭಾರ ಆಗಿಲ್ಲ. ಕಷ್ಟ ಕೊಟ್ಟದ್ದು ಓದಲು ಬಾರದ ಕಾಗದ. ಇವತ್ತಿಗೂ ಜಮೀನಿನ ತಕರಾರು ಬಂದಾಗ ಹಳೇ ಉರ್ದು ದಾಖಲೆ ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗುವ ಮನೆಗಳು ನಮ್ಮ ತಾಲ್ಲೂಕುಗಳಲ್ಲಿವೆ.

ಉಸ್ಮಾನಿಯಾದಲ್ಲಿ ಉರ್ದು ಮಾಧ್ಯಮ ಹೋದ ಜಾಗಕ್ಕೆ ತೆಲುಗು, ಕನ್ನಡ ಬರಲಿಲ್ಲ, ಇಂಗ್ಲಿಷ್ ಬಂತು. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಎಂಟು ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿದೆ. ಆಗುತ್ತಾ ಅಂತ ಕೇಳುವವರಿಗೆ ಹೈದರಾಬಾದ್ ತೋರಿಸಬಹುದು: ಮೊದಲು ಪುಸ್ತಕ ಕಟ್ಟಿದರೆ ಆಗುತ್ತೆ. ಆದರೆ ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ನಮ್ಮ ಕ್ಯಾಂಪಸ್ಸಿನಲ್ಲಿ ಉರ್ದು, ತೆಲುಗು, ಲಂಬಾಣಿ ಆಡುವ ಗೆಳೆಯರಿದ್ದಾರೆ. ಕನ್ನಡದ ಪುಸ್ತಕ ಕಟ್ಟುವಾಗ ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದರೆ, ನಾವೂ ನಿಜಾಮನ ದಾರಿಯನ್ನೇ ಹಿಡಿದಂತೆ.