ಹೈದರಾಲಿಯ ಬಳಿಗೆ ಹೋದ ಶ್ವಾರ್ಟ್ಸ್ ಅಯ್ಯನವರು

ಕ್ರಿಸ್ಟಿಯಾನ್ ಫ್ರೀಡ್ರಿಖ್ ಶ್ವಾರ್ಟ್ಸ್ ಅಯ್ಯನವರು 1726ನೇ ಇಸವಿಯಲ್ಲಿ ಪ್ರಶ್ಯ ರಾಜ್ಯದ ಸೊನ್ನೆನ್‌ಬುರ್ಗ್ ಎಂಬ ಊರಿನಲ್ಲಿ ಹುಟ್ಟಿದರು. ಇವರ ಎಳೆಯ ಪ್ರಾಯದಲ್ಲಿಯೇ ತೀರಿಹೋದ ತಾಯಿಯು, ಮಗನನ್ನು ದೇವರ ಸೇವೆಗೆ ಒಪ್ಪಿಸಿರುವೆನೆಂದು ಗಂಡನಿಗೆ ತಿಳಿಸಿ ಕಣ್ಣುಮುಚ್ಚಿದಳು. ಹಾಲೆ ಪಟ್ಟಣದಲ್ಲಿ ಓದುತ್ತಿದ್ದಾಗ ತಮಿಳು ಸತ್ಯವೇದದ ಅಚ್ಚಿನ ಕೆಲಸಕ್ಕಾಗಿ ಆ ಭಾಷೆಯನ್ನು ಕಲಿತು, 1750ರಲ್ಲಿ ಡೇನರ ವಶದಲ್ಲಿದ್ದ ತರಂಗಂಬಾಡಿಗೆ ಬಂದಿಳಿದರು. ಅಲ್ಲಿಂದ ತಿರುಚಿನಾಪಳ್ಳಿಗೂ ಕಡೆಗೆ ತಂಜಾವೂರಿಗೂ ಹೋಗಿ ನೆಲೆಸಿದರು. ಅವರು ಮದುವೆಯಾಗಲಿಲ್ಲ, ಸ್ವದೇಶಕ್ಕೆ ತಿರುಗಿ ಹೋಗಲೂ ಇಲ್ಲ.

1779ರಲ್ಲಿ ಮದ್ರಾಸಿನ ಗವರ್ನರನಾದ ಸರ್ ಥಾಮಸ್ ರಂಬೋಲ್ಡನು ಇವರನ್ನು ಗುಟ್ಟಾಗಿ ಕರಿಸಿ, ಮೈಸೂರು ಸೀಮೆಯನ್ನಾಳುತ್ತಿದ್ದ ಹೈದರಾಲಿಯ ಬಳಿಗೆ ಹೋಗಿ, ಅವನ ಮನಸ್ಸನ್ನು ತಿಳಿದುಕೊಂಡು, ಕುಂಪಣಿಯವರು ಸಮಾಧಾನವನ್ನೇ ಬಯಸುತ್ತಾರೆಂದು ಹೇಳಬೇಕೆಂದು ಕೇಳಿಕೊಂಡನು. ಸುವಾರ್ತೆ ಸಾರುವವನಿಗೆ ದೊರೆಗಳ ರಾಯಭಾರವು ತಕ್ಕದ್ದೋ? ಅಯ್ಯನವರೂ ಇದನ್ನು ಪ್ರಾರ್ಥನಾಪೂರ್ವಕವಾಗಿ ಯೋಚಿಸಿದರು. ರಕ್ತಪಾತವನ್ನು ತಡೆಯುವುದು ಸಮಾಧಾನದ ಪ್ರಭುವಿನ ಸೇವಕನಿಗೆ ವಿರುದ್ಧವಾದ ಕೆಲಸವಲ್ಲವೆಂತಲೂ, ದಾರಿಯಲ್ಲಿ ಬೋಧಿಸಲು ಸಂದರ್ಭ ದೊರೆಯುವುದೆಂತಲೂ, ಕುಂಪಣಿಯವರ ಉಪಕಾರಕ್ಕೆ ಕೃತಜ್ಞತೆ ತೋರಿಸಿದಂತಾಗುವುದೆಂತಲೂ ಎಣಿಸಿ ಒಪ್ಪಿಕೊಂಡರು. ಆದರೆ ಯಾರ ಕಾಣಿಕೆಯಿಂದಲೂ ತನ್ನ ಕೈ ಮಲಿನವಾಗಬಾರದೆಂದು ಅಂದೇ ನಿಶ್ಚಯಿಸಿದರು.

ಆಗಸ್ಟ್ ತಿಂಗಳಲ್ಲಿ ಅವರು ಶ್ರೀರಂಗಪಟ್ಟಣವನ್ನು ಸೇರಿದರು. ಕೋಟೆಯೊಳಗೆ ಜ್ವರ ಹಬ್ಬಿದ್ದದರಿಂದ ಇವರಿಗೆ ಹೊರಗೆ ಡೇರೆಯನ್ನು ಹಾಕಿಸಿಕೊಡಲಾಯಿತು. ಹೈದರನ ದಂಡಿನಲ್ಲಿ ಚಾಕರಿಗಿದ್ದ ಜರ್ಮನರೇ ಮೊದಲಾದವರು ಆ ಡೇರೆಯಲ್ಲಿ ಕೂಡಿ ದೇವಾರಾಧನೆ ನಡಿಸಿದರು, ಅರಸನು ಅಡ್ಡಿಮಾಡಲಿಲ್ಲ. ಓದು ಬರಹವರಿಯದ ಆ ಹೈದರನು ಎಷ್ಟು ಲೇಖಕರಿಗೆ ಒಮ್ಮೆಗೇ ಉತ್ತರ ಹೇಳುತ್ತಿದ್ದನೆಂಬುದನ್ನೂ, ತಪ್ಪುಮಾಡಿದ ಅಧಿಕಾರಿಗಳಿಗೆ ಬೀಳುತ್ತಿದ್ದ ಕೊರಡೆಯ ಏಟುಗಳನ್ನೂ ಅಯ್ಯನವರು ಕಂಡು ಬರೆದಿಟ್ಟಿದ್ದಾರೆ.

ಹೈದರನು ಇವರನ್ನು ತನ್ನ ಹತ್ತಿರ ಕುಳ್ಳಿರಿಸಿಕೊಂಡು ಮುಚ್ಚುಮರೆಯಿಲ್ಲದೆ ಮಾತಾಡಿದನು. 1769ರ ಒಪ್ಪಂದದಲ್ಲಿ ಒಬ್ಬರಿಗೊಬ್ಬರು ನೆರವಾಗುವೆವೆಂದು ಬರೆದುಕೊಟ್ಟ ಕುಂಪಣಿಯವರು, ಮರಾಟರು ತನ್ನ ಮೇಲೆ ಬಿದ್ದಾಗ ಸುಮ್ಮನಿದ್ದರು. ತನ್ನ ಆಶ್ರಯದಲ್ಲಿದೆಯೆಂದು ತಿಳಿಸಿದ್ದ ಫ್ರೆಂಚರ ಮಾಹೆಯನ್ನು ಅದೇ 1779ರ ಮಾರ್ಚಿಯಲ್ಲಿ ಹಿಡಿದುಕೊಂಡರು. ಇಷ್ಟಾದರೂ ಅವರು ಇನ್ನು ಮುಂದೆ ಸರಿಯಾಗಿ ನಡೆದರೆ ತಾನೂ ಸಮಾಧಾನದಿಂದಿರುವೆನೆಂದು ಅವನು ತಿಳಿಸಿದನು. ಈ ದೂರು ಸುಳ್ಳೆಂದು ಹೇಳುವುದು ಯಾರಿಂದಾದೀತು?

ಹೊರಡುವಾಗ ಹೈದರನು ದಾರಿಯ ವೆಚ್ಚಕ್ಕೆಂದು 300 ರೂಪಾಯಿಗಳ ಚೀಲವನ್ನು ಕೊಡಿಸಿದನು. ಬೇಡವೆಂದರೂ ಅಧಿಕಾರಿಗಳು ಬಿಡದ್ದರಿಂದ ಅದನ್ನು ತಂದು ಮದ್ರಾಸಿನ ಸರಕಾರಕ್ಕೆ ಒಪ್ಪಿಸಿದರು. ನೀವೇ ಇಟ್ಟುಕೊಳ್ಳಿರೆಂದು ಅವರು ಹೇಳಲು, ತಂಜಾವೂರಿನ ಅನಾಥ ಮಕ್ಕಳ ಶಾಲೆಗೆ ಅದನ್ನೇ ಮೂಲಧನವಾಗಿ ಮಾಡಿದರು.

ತಂದ ಹಣಕ್ಕೆ ಹೀಗೆ ಒಳ್ಳೇ ಗತಿಯಾಯಿತು; ತಂದ ಮಾತಿಗಾದರೋ ಆಗಲಿಲ್ಲ. ಹೈದರನ ದೂರುಗಳನ್ನು ತೀರಿಸುವದಕ್ಕೆ ಮದ್ರಾಸಿನವರು ಏನೂ ಮಾಡಲಿಲ್ಲ. ಬರೇ ಕಾಲ ಕಳೆಯುವದಕ್ಕಾಗಿ ಈ ಸತ್ಯವಂತನನ್ನು ಮುಂದೆ ಮಾಡಿದರೋ ಎಂಬ ಸಂಶಯವು ಚರಿತ್ರೆ ಬರೆದವರಿಗೂ ಉಂಟು. 1780ರ ಜುಲೈಯಲ್ಲಿ ಹೈದರನು ಮಹಾ ಸೈನ್ಯದೊಡನೆ ಘಟ್ಟವಿಳಿದು ಕರ್ನಾಟಿಕ್ ಸೀಮೆಯನ್ನು ಸುಟ್ಟನು. ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಬಳಿ ಬೇಲಿಯ ದಂಡು ನಾಶವಾಯಿತು. ಆ ಯುದ್ಧದ ನಡುವೆಯೂ ಈ ಪಾದ್ರಿಯನ್ನು ಯಾರೂ ಮುಟ್ಟದೆ ಹೋಗಗೊಡಿಸಬೇಕೆಂದು ತನ್ನವರಿಗೆ ಅಪ್ಪಣೆಕೊಟ್ಟನು.

ತಂಜಾವೂರಿನ ಕೋಟೆಯಲ್ಲಿ ಜನರು ಹಸಿವಿನಿಂದ ಬೀದಿಗಳಲ್ಲಿ ಸತ್ತುಬಿದ್ದರು. ಹಳ್ಳಿಗಳಲ್ಲಿ ಧಾನ್ಯವಿತ್ತು, ಆದರೆ ಒಕ್ಕಲಿಗರು ಎತ್ತು ಕಟ್ಟಲೊಲ್ಲರು. ಮುಂಚೆ ಸಾಗಿಸಿದ ಕೂಲಿಯನ್ನು ಅಧಿಕಾರಿಗಳು ಕೊಟ್ಟಿರಲಿಲ್ಲ. ಅರಸನ ಮಾತನ್ನಾಗಲಿ ಕುಂಪಣಿಯವರ ಮಾತನ್ನಾಗಲಿ ಅವರು ನಂಬಲಿಲ್ಲ. ಆಗ ಅಯ್ಯನವರು, ಹಣಕ್ಕೆ ತಾನೇ ಹೊಣೆಯೆಂದು ಊರೂರಿಗೆ ಹೇಳಿಕಳುಹಿಸಿದರು. ಎರಡು ದಿವಸಗಳೊಳಗೆ 1,000 ಎತ್ತುಗಳು ಬಂದವು. 80,000 ಕಳ ಧಾನ್ಯವು ಕೋಟೆಯನ್ನು ಸೇರಿತು. ಪ್ರತಿಯೊಬ್ಬನ ಕೂಲಿಯೂ ಸಲ್ಲಿತು. ಮುದ್ರೆಯೊತ್ತಿದ ಒಪ್ಪಂದಕ್ಕಿಲ್ಲದ ಬೆಲೆ ಒಬ್ಬ ಬಡ ಬೋಧಕನ ಬಾಯಿಮಾತಿಗೆ ಇತ್ತೆಂಬುದನ್ನು ಆ ಒಕ್ಕಲಿಗರು, ಕ್ರೈಸ್ತರಲ್ಲದವರೇ, ತೋರಿಸಿಕೊಟ್ಟರು.

1783ರಲ್ಲಿ ಟಿಪ್ಪುವಿನೊಡನೆ ಸಂಧಾನಕ್ಕೆ ಇವರನ್ನು ಮತ್ತೆ ಕಳುಹಿಸಿದಾಗ, ಟಿಪ್ಪುವಿನ ಅಧಿಕಾರಿಗಳು ದಾರಿಯಲ್ಲೇ ತಡೆದು ಹಿಂದಕ್ಕೆ ಕಳುಹಿಸಿದರು.

ತುಳಜಾ ಅರಸನು 1787ರಲ್ಲಿ ಸಾಯುವ ಮುಂಚೆ ದತ್ತುಮಗನಾದ ಸರ್ಫೋಜಿಯನ್ನು ಇವರ ಕೈಗೊಪ್ಪಿಸಿದನು. ಆ ಬಾಲಕನಿಗೆ ವಿದ್ಯೆ ಕಲಿಸಿ, ಅವನ ಹಕ್ಕಿಗಾಗಿ ಅಯ್ಯನವರು ಕಡೇ ವರೆಗೂ ವಾದಿಸಿದರು. 1798ನೇ ಫೆಬ್ರವರಿ 13ರಲ್ಲಿ ಅವರು ತಂಜಾವೂರಿನಲ್ಲಿ ನಿದ್ರೆಹೋದರು. ಕುಂಪಣಿಯವರು ಮದ್ರಾಸಿನ ಕೋಟೆಯ ದೇವಾಲಯದಲ್ಲಿ ಅವರಿಗೆ ಒಂದು ಸ್ಮಾರಕವನ್ನಿಟ್ಟರು. ತಂಜಾವೂರಿನ ದೇವಾಲಯದಲ್ಲಿ ಇನ್ನೊಂದು ಇದೆ. ಅದನ್ನು ಇಂಗ್ಲೆಂಡಿನ ಶಿಲ್ಪಿಯಾದ ಫ್ಲ್ಯಾಕ್ಸ್‌ಮನ್‌ನಿಂದ ಮಾಡಿಸಿದವನು, ಹಿಂದೂ ಧರ್ಮದಲ್ಲಿಯೇ ಉಳಿದ ಸರ್ಫೋಜಿ ಅರಸನು.